ಮರಿಗಿಂತ ಮೊದಲು ತಾಯಿಯನ್ನು ನೋಡಿ: ಮುಂಬೈಯಲ್ಲಿ ನಾಯಿಮರಿ ಕೊಳ್ಳುವವರಿಗೆ ಸಮಗ್ರ ಮಾರ್ಗದರ್ಶಿ

ಮುಂಬೈಯಲ್ಲಿ ನಾಯಿಮರಿ ಹುಡುಕುವುದು ಬಾಡಿಗೆ ಮನೆ ಹುಡುಕಿದಷ್ಟು ಕಷ್ಟವಲ್ಲ. ಫೋನಿನಲ್ಲಿ ಒಮ್ಮೆ ‘ಲ್ಯಾಬ್ರಡಾರ್ ಪಪ್ಪಿ’ ಎಂದು ಟೈಪ್ ಮಾಡಿ ನೋಡಿ, ಸಂಜೆಯೊಳಗೆ ನಿಮ್ಮ ಇನ್‌ಸ್ಟಾಗ್ರಾಂ ತುಂಬಾ ಮರಿಗಳು. ವಿರಾರ್, ಮೀರಾ ರೋಡ್, ಕಲ್ಯಾಣ್, ಪನ್ವೆಲ್, ಎಲ್ಲ ಕಡೆ ಮಾರುವವರಿದ್ದಾರೆ, ಮನೆ ಬಾಗಿಲಿಗೇ ತಂದುಕೊಡುತ್ತಾರೆ. ಆ ಮರಿ ಎಲ್ಲಿ ಹುಟ್ಟಿತು, ಎಷ್ಟು ದಿನ ತಾಯಿಯ ಹಾಲು ಕುಡಿಯಿತು, ನಿನ್ನೆ ಯಾವ ಪಂಜರದಲ್ಲಿತ್ತು ಎಂದು ಕೇಳಿದರೆ ಮಾತ್ರ ಉತ್ತರ ಸಿಗುವುದಿಲ್ಲ.

ಡೊಂಬಿವಲಿ, ಠಾಣೆ ಕಡೆಯ ನಮ್ಮವರ ಮನೆಗಳಲ್ಲಿ ನಾಯಿ ಸಾಕುವವರು ಹೆಚ್ಚಾಗುತ್ತಿದ್ದಾರೆ. ‘ಒಳ್ಳೆ ಬ್ರೀಡರ್ ಗೊತ್ತಿದ್ದರೆ ಹೇಳಿ’ ಎಂಬ ಸಂದೇಶ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಬರುತ್ತದೆ. ಬ್ರೀಡರ್ ಎಂದರೆ ತಾವೇ ನಾಯಿ ಸಾಕಿ, ಮರಿ ಹಾಕಿಸಿ ಮಾರುವವರು. ಯಾರೋ ಒಂದು ನಂಬರ್ ಹಾಕುತ್ತಾರೆ, ಅಲ್ಲಿಗೆ ವಿಚಾರಣೆ ಮುಗಿಯುತ್ತದೆ. ನಂಬರ್ ಸಿಕ್ಕ ಮೇಲೆ ಮಾಡಬೇಕಾದ ಕೆಲಸ ಏನೇನು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಮೊದಲ ಹಂತ: ಫೋನ್ ಮಾಡುವ ಮೊದಲು

ಮಾರುವವನಿಗೆ ಬೇಕಾಗಿರುವುದು ನಿಮ್ಮ ಅವಸರ. ಮಗಳ ಹುಟ್ಟುಹಬ್ಬ ಭಾನುವಾರ, ಅಷ್ಟರೊಳಗೆ ಮರಿ ಬೇಕು ಎಂದು ಹೇಳಿದಿರೋ, ಚೌಕಾಸಿ ಅಲ್ಲಿಗೇ ಮುಗಿಯಿತು. ಯಾವ ತಳಿ, ಯಾಕೆ ಬೇಕು, ಹಗಲು ಮನೆಯಲ್ಲಿ ಯಾರಿರುತ್ತಾರೆ ಎಂಬುದನ್ನು ಮೊದಲು ಮನೆಯವರೆಲ್ಲ ಕೂತು ತೀರ್ಮಾನಿಸಿ. ಸೈಬೀರಿಯದ ಹಸ್ಕಿಯನ್ನು ಮೇ ತಿಂಗಳ ಮುಂಬೈಗೆ ತರುವ ಯೋಚನೆ ಇದ್ದರೆ ಇಲ್ಲೇ ಬಿಟ್ಟುಬಿಡಿ. ‘ಎಸಿ ಇದ್ದರೆ ಏನೂ ಆಗಲ್ಲ’ ಎನ್ನುವ ಮಾರಾಟಗಾರ ನಿಮ್ಮ ಕರೆಂಟ್ ಬಿಲ್ ಕಟ್ಟುವುದಿಲ್ಲ.

ಎರಡು ಕಾನೂನುಗಳ ಪರಿಚಯ ಬೇಕು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಅಡಿಯಲ್ಲಿ ಕೇಂದ್ರ ಸರ್ಕಾರ 2017ರಲ್ಲಿ ನಾಯಿ ತಳಿ ಸಾಕಣೆ ಮತ್ತು ಮಾರಾಟದ ನಿಯಮಗಳನ್ನೂ, 2018ರಲ್ಲಿ ಪೆಟ್ ಶಾಪ್ ನಿಯಮಗಳನ್ನೂ ತಂದಿತು. 2017ರ ನಿಯಮದ ಪ್ರಕಾರ ಮಾರುವುದಕ್ಕೆಂದು ನಾಯಿ ಮರಿ ಹಾಕಿಸುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಮಧ್ಯವರ್ತಿ, ವ್ಯಾಪಾರಿಗಳೂ ಇದರಲ್ಲಿ ಸೇರುತ್ತಾರೆ. 8 ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಹೆಣ್ಣುನಾಯಿಗೆ 18 ತಿಂಗಳು ತುಂಬುವ ಮೊದಲು ಮರಿ ಹಾಕಿಸುವಂತಿಲ್ಲ, ವರ್ಷಕ್ಕೆ ಒಂದು ಸೂಲಿಗಿಂತ ಹೆಚ್ಚು ಕೂಡದು, ಅದರ ಜೀವಮಾನದಲ್ಲಿ ಐದು ಸೂಲು ಮೀರಬಾರದು. ಮಾರುವ ಮರಿಗೆ ಮೈಕ್ರೋಚಿಪ್, ಅಂದರೆ ಚರ್ಮದ ಕೆಳಗೆ ಹಾಕುವ ಗುರುತಿನ ಚಿಪ್, ಇರಬೇಕು. ಈ ಐದಾರು ಸಾಲು ನೆನಪಿದ್ದರೆ ಮುಂದಿನ ಅರ್ಧ ಕೆಲಸ ಸುಲಭ.

ಎರಡನೇ ಹಂತ: ಜಾಹೀರಾತನ್ನು ಓದುವುದು

ಮುಂಬೈಯ ಜಾಹೀರಾತುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವ ಸಾಲು ‘45 ದಿನದ ಮರಿ ರೆಡಿ’. 8 ವಾರ ಎಂದರೆ 56 ದಿನ. ಅಂದರೆ ಆ ಮನುಷ್ಯ ತಾನು ನಿಯಮ ಮುರಿಯುತ್ತಿದ್ದೇನೆ ಎಂಬುದನ್ನು ತಾನೇ ಬರೆದು ಹಾಕಿಕೊಂಡಿದ್ದಾನೆ. ಇದು ಇಡೀ ಪೇಟೆಯಲ್ಲಿ ಎಷ್ಟು ರೂಢಿಯಾಗಿದೆಯೆಂದರೆ ಕೊಳ್ಳುವವರೂ 45 ದಿನವೇ ಸರಿಯಾದ ವಯಸ್ಸು ಎಂದುಕೊಂಡಿದ್ದಾರೆ. 45 ಎಂದವರ ಮರಿಗೆ ಎಷ್ಟೋ ಸಲ ನಿಜವಾಗಿ 30 ದಿನವೂ ಆಗಿರುವುದಿಲ್ಲ. ಮರಿ ಚಿಕ್ಕದಿದ್ದಷ್ಟೂ ಮುದ್ದು, ಮುದ್ದಿದ್ದಷ್ಟೂ ಬೇಗ ಬಿಕರಿ. ಜೊತೆಗೆ ಎರಡು ಮೂರು ವಾರದ ಊಟ, ಲಸಿಕೆಯ ಖರ್ಚೂ ಉಳಿಯುತ್ತದೆ. ನಷ್ಟ ಮರಿಗೆ ಮತ್ತು ನಿಮಗೆ. ಎಷ್ಟು ಗಟ್ಟಿಯಾಗಿ ಕಚ್ಚಿದರೆ ನೋವಾಗುತ್ತದೆ ಎಂಬುದನ್ನು ಮರಿ ಕಲಿಯುವುದು ಒಡಹುಟ್ಟಿದ ಮರಿಗಳ ಜೊತೆ ಕಾದಾಡಿ, ತಾಯಿಯಿಂದ ಗದರಿಸಿಕೊಂಡು. ಆ ಪಾಠ ತಪ್ಪಿದ ಮರಿ ನಿಮ್ಮ ಮಕ್ಕಳ ಕೈ ಕಚ್ಚುತ್ತಾ ಬೆಳೆಯುತ್ತದೆ.

ಒಂದೇ ಖಾತೆಯಲ್ಲಿ ಲ್ಯಾಬ್, ಶಿಟ್ಸು, ಬೀಗಲ್, ಪಗ್, ರಾಟ್‌ವೈಲರ್ ಎಲ್ಲ ಸದಾ ಲಭ್ಯ ಇದ್ದರೆ ಅವನು ಬ್ರೀಡರ್ ಅಲ್ಲ, ಬೇರೆಯವರ ಮರಿ ತಂದು ಮಾರುವ ಡೀಲರ್. ನಿಜವಾದ ಬ್ರೀಡರ್ ಹತ್ತಿರ ಒಂದೋ ಎರಡೋ ತಳಿ ಇರುತ್ತವೆ, ಎಷ್ಟೋ ತಿಂಗಳು ಮರಿಯೇ ಇರುವುದಿಲ್ಲ, ಕಾಯಿರಿ ಎನ್ನುತ್ತಾರೆ. ಖಾತೆಯ ಹಳೆಯ ಪೋಸ್ಟ್‌ಗಳನ್ನು ಒಂದೂವರೆ ವರ್ಷ ಹಿಂದಕ್ಕೆ ಸರಿಸಿ ನೋಡಿ. ಅದೇ ತಾಯಿ ಆರಾರು ತಿಂಗಳಿಗೆ ಹೊಸ ಮರಿಗಳ ಜೊತೆ ಕಾಣಿಸಿಕೊಂಡರೆ ಪ್ರತಿ ಬೆದೆಗೂ ಕೂಡಿಸುತ್ತಿದ್ದಾರೆ ಎಂದರ್ಥ.

ಫೋಟೋಗಳನ್ನು ಗೂಗಲ್ ಲೆನ್ಸ್‌ಗೆ ಹಾಕಿ. ಅದೇ ಮರಿ ಬೇರೆ ದೇಶದ ಯಾರದೋ ಸೋಫಾ ಮೇಲೆ ಕೂತಿದ್ದರೆ ಸಂಭಾಷಣೆ ಮುಂದುವರಿಸಬೇಡಿ.

ಇನ್ನು ಪೇಟೆಯ ಬಣ್ಣದ ಮಾತುಗಳು. ‘ಹೆವಿ ಬೋನ್’, ‘ಪಂಚ್ ಫೇಸ್’, ‘ಶೋ ಕ್ವಾಲಿಟಿ’, ‘ಚಾಂಪಿಯನ್ ಬ್ಲಡ್‌ಲೈನ್’. ಇವಕ್ಕೆ ಯಾವ ಅಳತೆಗೋಲೂ ಇಲ್ಲ. ಚಾಂಪಿಯನ್ ಎಂದರೆ ಯಾವ ಶೋ, ಯಾವ ವರ್ಷ, ಸರ್ಟಿಫಿಕೇಟ್ ತೋರಿಸಿ ಎಂದು ಕೇಳಿ. ‘ಟೀಕಪ್’, ‘ಕಲ್ಚರ್ ಪಾಮ್’ ಎಂಬ ಹೆಸರಿನ ತಳಿಗಳು ನಾಯಿ ತಳಿಗಳನ್ನು ದಾಖಲಿಸುವ ಕೆನಲ್ ಕ್ಲಬ್‌ನ ಪಟ್ಟಿಯಲ್ಲಿಲ್ಲ. ಟೀಕಪ್ ಎಂದು ಮಾರುವುದು ಬಹುಪಾಲು ಹೊತ್ತಿಗೆ ಮೊದಲೇ ತಾಯಿಯಿಂದ ಬಿಡಿಸಿದ, ಇಲ್ಲವೇ ಬೆಳವಣಿಗೆ ಕುಂಠಿತವಾದ ಮರಿಯನ್ನು. ಅಷ್ಟು ಚಿಕ್ಕ ಮೈಯಲ್ಲಿ ಒಂದೆರಡು ಹೊತ್ತು ಊಟ ತಪ್ಪಿದರೂ ಸಕ್ಕರೆ ಅಂಶ ಕುಸಿದು ಮರಿ ಬಿದ್ದುಬಿಡುತ್ತದೆ. ‘ಇಂಪೋರ್ಟೆಡ್’ ಎಂದವರಿಗೆ ಆಮದಿನ ಕಾಗದ ಕೇಳಿ. ವ್ಯಾಪಾರಕ್ಕೆ, ತಳಿ ಬೆಳೆಸುವುದಕ್ಕೆ ವಿದೇಶದಿಂದ ನಾಯಿ ತರಿಸುವುದಕ್ಕೆ 2016ರಲ್ಲಿ ಕೇಂದ್ರ ಸರ್ಕಾರ ನಿರ್ಬಂಧ ಹಾಕಿತ್ತು.

ನಮ್ಮವರು ವಿಶೇಷವಾಗಿ ಬೀಳುವ ಬಲೆ ಮುಧೋಳ ನಾಯಿಯದ್ದು. ಊರಿನ ಅಭಿಮಾನ ನೋಡಿ. ಮಹಾರಾಷ್ಟ್ರದಲ್ಲಿ ಕಾರವಾನಿ ಎಂದೂ, ಕೆನಲ್ ಕ್ಲಬ್ ದಾಖಲೆಯಲ್ಲಿ ಕಾರವಾನ್ ಹೌಂಡ್ ಎಂದೂ ಇರುವುದು ಇದೇ ನಾಯಿ. ‘ಇದು ಅಸಲಿ ಮುಧೋಳ, ಅದು ಬರೀ ಕಾರವಾನ್’ ಎಂದು ಎರಡು ಬೆಲೆ ಹೇಳುವವನ ಮಾತಿಗೆ ಮಾರುಹೋಗಬೇಡಿ. ತೆಳ್ಳಗೆ ಉದ್ದ ಕಾಲಿರುವ ಮಿಶ್ರ ತಳಿಯ ಮರಿಗಳಿಗೂ ಇದೇ ಹೆಸರು ಅಂಟಿಸುತ್ತಾರೆ. ನಿಜಕ್ಕೂ ಬೇಕೆಂದರೆ ಊರಿಗೆ ಹೋದಾಗ ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ, ಅಲ್ಲಿ ವಿಚಾರಿಸಿ. ಆದರೆ ಇದು ಓಡಿ ಬೇಟೆಯಾಡುವ ನಾಯಿ. ಎರಡು ಕೋಣೆಯ ಫ್ಲ್ಯಾಟ್‌ನಲ್ಲಿ ಕಟ್ಟಿಹಾಕಿ ಅಭಿಮಾನ ಪಡುವುದಕ್ಕೆ ಆಗುವಂಥದ್ದಲ್ಲ.

ಮೂರನೇ ಹಂತ: ಫೋನಿನಲ್ಲಿ

ವಾಟ್ಸಾಪ್ ಸಂದೇಶಕ್ಕಿಂತ ಮಾತು ಮೇಲು. ದನಿಯಲ್ಲಿ ಬಹಳ ತಿಳಿಯುತ್ತದೆ. ಬೆಲೆಯನ್ನು ಕೊನೆಗೆ ಕೇಳಿ. ಮೊದಲು ಮರಿ ಹುಟ್ಟಿದ ತಾರೀಖು ಕೇಳಿ, ಬರೆದುಕೊಳ್ಳಿ. ಎಷ್ಟು ದಿನ ಎಂದು ಕೇಳಬೇಡಿ, ತಾರೀಖೇ ಬೇಕು. ಒಂದೇ ಸೂಲಿನಲ್ಲಿ ಎಷ್ಟು ಮರಿ, ಎಷ್ಟು ಉಳಿದಿವೆ, ಉಳಿದವು ಯಾರಿಗೆ ಹೋದವು, ತಾಯಿಗೆ ವಯಸ್ಸೆಷ್ಟು, ಇದು ಎಷ್ಟನೇ ಸೂಲು, ಹಿಂದಿನದು ಯಾವಾಗ ಎಂದು ಕೇಳಿ. ಎರಡು ದಿನ ಬಿಟ್ಟು ಮನೆಯ ಇನ್ನೊಬ್ಬರಿಂದ ಬೇರೆ ನಂಬರಿನಲ್ಲಿ ಅದೇ ಪ್ರಶ್ನೆಗಳನ್ನು ಕೇಳಿಸಿ. ಹುಟ್ಟಿದ ತಾರೀಖು ಬದಲಾಗಿದ್ದರೆ ಆ ನಂಬರನ್ನು ಅಳಿಸಿಬಿಡಿ.

ಒಳ್ಳೆಯ ಬ್ರೀಡರ್ ನಿಮ್ಮನ್ನೇ ಪ್ರಶ್ನೆ ಕೇಳುತ್ತಾರೆ. ಹಗಲು ಯಾರು ನೋಡಿಕೊಳ್ಳುತ್ತೀರಿ, ಹಿಂದೆ ನಾಯಿ ಸಾಕಿದ್ದೀರಾ, ಗಣಪತಿ ಹಬ್ಬಕ್ಕೆ ಊರಿಗೆ ಹೋದರೆ ನಾಯಿ ಎಲ್ಲಿ? ಈ ವಿಚಾರಣೆ ಕಿರಿಕಿರಿ ಎನಿಸಬಹುದು. ಆದರೆ ಇದೇ ಶುಭಲಕ್ಷಣ. ‘ಸಾಬ್, ಪೆಹಲೇ ಟೋಕನ್ ಡಾಲ್ ದೋ, ದೂಸ್ರಾ ಪಾರ್ಟಿ ಶಾಮ್ ಕೋ ಆ ರಹಾ ಹೈ’ (ಮೊದಲು ಮುಂಗಡ ಹಾಕಿ, ಇನ್ನೊಬ್ಬರು ಸಂಜೆ ಬರುತ್ತಿದ್ದಾರೆ) ಎನ್ನುವವನಿಗೆ ಆ ಎರಡನೇ ಪಾರ್ಟಿಯೇ ಮರಿ ಒಯ್ಯಲಿ ಎಂದು ಹೇಳಿ ಫೋನ್ ಇಡಿ. ಬಹುಪಾಲು ಆ ಪಾರ್ಟಿ ಹುಟ್ಟಿಯೇ ಇರುವುದಿಲ್ಲ.

ನಾಲ್ಕನೇ ಹಂತ: ಮರಿ ಹುಟ್ಟಿದ ಜಾಗಕ್ಕೆ ಹೋಗಿ

ನನ್ನ ಅಭಿಪ್ರಾಯದಲ್ಲಿ ಎಲ್ಲವೂ ನಿಂತಿರುವುದು ಈ ಹಂತದ ಮೇಲೆ. ಉಳಿದದ್ದೆಲ್ಲ ಸರಿ ಇದ್ದು ಇದೊಂದು ಇಲ್ಲದಿದ್ದರೂ ಕೊಳ್ಳಬೇಡಿ. ತಾಯಿಯನ್ನು ಅದರ ಮರಿಗಳ ಜೊತೆ, ಅವು ಇರುವ ಜಾಗದಲ್ಲೇ ನೋಡಬೇಕು.

ತಪ್ಪಿಸಿಕೊಳ್ಳುವ ನೆಪಗಳು ಈ ಊರಿಗೆ ತಕ್ಕಂತೆ ತಯಾರಾಗಿವೆ. ಸೊಸೈಟಿಯವರು ಹೊರಗಿನವರನ್ನು ಬಿಡುವುದಿಲ್ಲ. ತಾಯಿ ಕರ್ಜತ್ ಫಾರ್ಮ್‌ನಲ್ಲಿದೆ, ಮಳೆಯಲ್ಲಿ ರಸ್ತೆ ಸರಿಯಿಲ್ಲ. ತಾಯಿಗೆ ಹೊಸಬರನ್ನು ಕಂಡರೆ ಆಗುವುದಿಲ್ಲ. ನೀವ್ಯಾಕೆ ಅಷ್ಟು ದೂರ ಬರುತ್ತೀರಿ, ಠಾಣೆ ಸ್ಟೇಷನ್ ಹೊರಗೆ ಕಾರಿನಲ್ಲಿ ತರುತ್ತೇನೆ. ಇವುಗಳಲ್ಲಿ ಒಂದೊಂದೂ ಪ್ರತ್ಯೇಕವಾಗಿ ನಿಜವಿರಬಹುದು. ಆದರೂ ನಿಮ್ಮ ಉತ್ತರ ಒಂದೇ: ‘ತಾಯಿ ಇರುವ ಕಡೆಗೆ ನಾವೇ ಬರುತ್ತೇವೆ, ದಿನ ನೀವು ಹೇಳಿ.’ ಅದಕ್ಕೂ ಒಪ್ಪದವನ ಹತ್ತಿರ ತಾಯಿ ಇಲ್ಲ. ಯಾರೋ ಬುಟ್ಟಿಯಲ್ಲಿ ತುಂಬಿ ರೈಲಿನಲ್ಲಿ ಕಳಿಸಿದ ಮರಿ ಅದು. ಬೇರೆ ಬೇರೆ ಕಡೆಯ ಮರಿಗಳು ಒಂದೇ ಬುಟ್ಟಿಯಲ್ಲಿ ಬಂದಾಗ ಒಂದರ ಸೋಂಕು ಎಲ್ಲಕ್ಕೂ ಹತ್ತುತ್ತದೆ. ಪಂಜರದ ಅಂಗಡಿಗಳನ್ನು ನಾನು ಇದೇ ಕಾರಣಕ್ಕೆ ಪಟ್ಟಿಯಿಂದ ತೆಗೆಯುತ್ತೇನೆ. ಅಂಗಡಿ ನೋಂದಣಿಯಾಗಿರಬಹುದು, ಸ್ವಚ್ಛವಾಗಿಯೂ ಇರಬಹುದು, ಆದರೆ ಅಲ್ಲಿ ತಾಯಿಯನ್ನು ನೋಡುವುದು ಸಾಧ್ಯವೇ ಇಲ್ಲ. ಭಾನುವಾರ ಮಕ್ಕಳನ್ನು ಕರೆದುಕೊಂಡು ಕ್ರಾಫರ್ಡ್ ಮಾರ್ಕೆಟ್ ಕಡೆ ಹೋಗುವವರು ಮನೆಯಿಂದ ಹೊರಡುವಾಗಲೇ ‘ಇವತ್ತು ನೋಡುವುದು ಅಷ್ಟೇ’ ಎಂದು ಹೇಳಿಟ್ಟಿರಿ.

ಕೆಲವರು ತಾಯಿಯೆಂದು ಬೇರೆ ನಾಯಿಯನ್ನು ತಂದು ನಿಲ್ಲಿಸುತ್ತಾರೆ. ಪತ್ತೆ ಹಚ್ಚುವುದು ಕಷ್ಟವಲ್ಲ. ಏಳೆಂಟು ವಾರ ಹಾಲೂಡಿಸಿದ ನಾಯಿಯ ಮೊಲೆಗಳು ಜೋತುಬಿದ್ದು ಎದ್ದು ಕಾಣುತ್ತವೆ. ಮೈ ಸ್ವಲ್ಪ ಸೊರಗಿರುತ್ತದೆ, ಕೂದಲು ಉದುರಿರುತ್ತದೆ. ದಷ್ಟಪುಷ್ಟವಾಗಿ, ಹೊಳೆಯುವ ಕೂದಲಿನಿಂದ, ಹೊಟ್ಟೆಯ ಕೆಳಗೆ ಏನೂ ಗುರುತಿಲ್ಲದ ‘ತಾಯಿ’ ಬಂದರೆ ಅನುಮಾನ ಪಡಿ. ಮರಿಗಳನ್ನು ಅದರ ಹತ್ತಿರ ಬಿಡಿ ಎಂದು ಹೇಳಿ. ಸ್ವಂತ ಮರಿಗಳಾದರೆ ಹಾಲು ಹುಡುಕಿಕೊಂಡು ಹೊಟ್ಟೆಗೆ ನುಗ್ಗುತ್ತವೆ. ತಾಯಿ ಮೂಸಿ ನೋಡುತ್ತದೆ, ಇಲ್ಲವೇ ಹಾಲು ಬಿಡಿಸುವ ಹೊತ್ತಾಗಿದ್ದರೆ ಸಣ್ಣಗೆ ಗುರ್ರೆನ್ನುತ್ತದೆ. ಪರಕೀಯ ನಾಯಿ ಮುಖ ತಿರುಗಿಸಿ ಬಾಗಿಲ ಕಡೆ ಹೋಗುತ್ತದೆ. ತಾಯಿಯ ಸ್ವಭಾವವನ್ನೂ ಗಮನಿಸಿ. ಮೂಲೆಯಲ್ಲಿ ನಡುಗುತ್ತಾ ಕೂತ ತಾಯಿಯ ಮರಿಯಲ್ಲೂ ಅಂಜಿಕೆ ಬರುವ ಸಾಧ್ಯತೆ ಹೆಚ್ಚು. ತಂದೆ ನಾಯಿ ಅಲ್ಲಿಲ್ಲದಿದ್ದರೆ ಚಿಂತೆಯಿಲ್ಲ. ಮೇಟಿಂಗ್‌ಗೆ ಬೇರೆಯವರ ಗಂಡುನಾಯಿ ತರಿಸುವುದು ಸಾಮಾನ್ಯ. ಅದರ ಒಡೆಯರ ಹೆಸರು, ನಂಬರ್ ಕೇಳಿ ಸಾಕು.

ಜಾಗವನ್ನು ಮೂಗಿನಿಂದ ನೋಡಿ. ಫಿನಾಯಿಲ್ ಘಾಟು ಕಣ್ಣು ಉರಿಸುವಷ್ಟಿದ್ದರೆ ನೀವು ಬರುವ ಹತ್ತು ನಿಮಿಷ ಮೊದಲು ತೊಳೆದಿದ್ದಾರೆ. ಸ್ವಲ್ಪ ಮೂತ್ರದ ವಾಸನೆ ಇದ್ದರೆ ಏನೂ ತಪ್ಪಿಲ್ಲ, ಎಂಟು ಮರಿ ಇರುವ ಮನೆ ಅದು. ಬಾಲ್ಕನಿಯ ಗ್ರಿಲ್ ಒಳಗೆ, ಬಾತ್‌ರೂಮಿನಲ್ಲಿ ಕಟ್ಟಿಹಾಕಿದ ಇನ್ನೆಷ್ಟು ನಾಯಿಗಳಿವೆ? ಒಳಗಿನ ಕೋಣೆಯ ಬಾಗಿಲು ಯಾಕೆ ಮುಚ್ಚಿದೆ? ನೀರು ಕೇಳುವ ನೆಪದಲ್ಲಿ ಅಡುಗೆಮನೆಯವರೆಗೆ ಹೋಗಿ ಬನ್ನಿ. ಅಕ್ಕಪಕ್ಕದವರಲ್ಲಿ, ವಾಚ್‌ಮನ್‌ನಲ್ಲಿ ಒಂದು ಮಾತು ಕೇಳಿದರೆ ಎಷ್ಟು ಬುಟ್ಟಿ ಬರುತ್ತವೆ, ಹೋಗುತ್ತವೆ ಎಂಬುದು ತಾನಾಗಿ ಹೊರಬೀಳುತ್ತದೆ. ಮುಂಬೈಯ ವಾಚ್‌ಮನ್‌ಗೆ ಗೊತ್ತಿಲ್ಲದ ವ್ಯಾಪಾರ ಇಲ್ಲ.

ಒಂದೇ ಭೇಟಿಗೆ ತೀರ್ಮಾನ ಬೇಡ. ಎರಡನೇ ಸಲ ಬೇರೆ ಹೊತ್ತಿನಲ್ಲಿ, ಸಾಧ್ಯವಾದರೆ ಮಕ್ಕಳನ್ನು ಬಿಟ್ಟು ಹೋಗಿ. ಮರಿ ಮಗುವಿನ ತೊಡೆಯೇರಿದ ಮೇಲೆ ಯಾವ ಅಪ್ಪನೂ ನಿಯಮ ಓದುವುದಿಲ್ಲ.

ಐದನೇ ಹಂತ: ಮರಿಯನ್ನು ಕೈಗೆತ್ತಿಕೊಂಡು

ಮೊದಲು ಬಾಯಿ ತೆರೆದು ನೋಡಿ. ಮೂರು ನಾಲ್ಕು ವಾರಕ್ಕೆ ಮುಂದಿನ ಹಾಲುಹಲ್ಲು ಮೂಡಲು ಶುರುವಾಗಿ, 8 ವಾರದ ಹೊತ್ತಿಗೆ 28 ಹಾಲುಹಲ್ಲುಗಳು ಬಹುತೇಕ ಪೂರ್ತಿ ಬಂದಿರುತ್ತವೆ. ಹಿಂದಿನ ದವಡೆ ಬರೀ ವಸಡಾಗಿದ್ದರೆ ಆ ಮರಿಗೆ ಎರಡು ತಿಂಗಳಾಗಿಲ್ಲ, ಯಾರು ಏನೇ ಹೇಳಲಿ. ನಡೆಯುವಾಗ ಓಲಾಡುವುದೂ ಎಳೆ ಮರಿಯ ಗುರುತು.

ವಸಡು ಗುಲಾಬಿ ಬಣ್ಣವಿರಬೇಕು. ಬಿಳಚಿಕೊಂಡಿದ್ದರೆ ಹುಳು, ಉಣ್ಣಿಯಿಂದಲೋ ಬೇರೆ ಕಾರಣಕ್ಕೋ ರಕ್ತಹೀನತೆ ಆಗಿರಬಹುದು. ಕಣ್ಣಿನಲ್ಲಿ ಪಿಸುರು, ಮೂಗಿನಲ್ಲಿ ಗಟ್ಟಿ ಸಿಂಬಳ ಎರಡೂ ಒಟ್ಟಿಗೆ ಇದ್ದರೆ ಡಿಸ್ಟೆಂಪರ್ ಎಂಬ ವೈರಸ್ ಕಾಯಿಲೆಯ ಭಯ. ‘ಎಸಿ ಗಾಳಿಗೆ ಶೀತ ಆಗಿದೆ’ ಎಂಬ ಸಮಾಧಾನ ಕೇಳಿಸಿಕೊಂಡು ಮರಿಯನ್ನು ಕೆಳಗಿಡಿ. ಕಾಲು ಸಣಕಲಾಗಿ ಹೊಟ್ಟೆ ಮಾತ್ರ ಗುಡಾಣವಾಗಿದ್ದರೆ ಜಂತುಹುಳು. ಬಾಲ ಎತ್ತಿ ನೋಡಿ, ಸುತ್ತ ಮೆತ್ತಿಕೊಂಡಿದ್ದರೆ ಭೇದಿ ಆಗುತ್ತಿದೆ. ಹೊಕ್ಕುಳಲ್ಲಿ ಮೆತ್ತನೆಯ ಉಬ್ಬು ಇದ್ದರೆ ಹರ್ನಿಯಾ. ಅದು ದೊಡ್ಡ ಕಾಯಿಲೆಯಲ್ಲ, ಆದರೆ ಮೊದಲೇ ಹೇಳಬೇಕಾದ ವಿಷಯ. ಕಿವಿಯೊಳಗೆ ಕಾಫಿಪುಡಿಯಂಥ ಕಪ್ಪು ಕಸ ಇದ್ದರೆ ಕಿವಿ ನುಸಿ. ಮರಿಯ ಬೆನ್ನ ಹಿಂದೆ ಚಪ್ಪಾಳೆ ತಟ್ಟಿ ನೋಡಿ. ಡಾಲ್ಮೇಷಿಯನ್‌ಗಳಲ್ಲಿ ಹುಟ್ಟು ಕಿವುಡು ಇರುವುದುಂಟು.

ಮೈತುಂಬ ಘಮಘಮ ಪೌಡರ್ ಹಾಕಿದ್ದರೆ ಒರೆಸಿ ನೋಡಿ. ‘ಈಗಷ್ಟೇ ತಿಂದು ಮಲಗಿದೆ’ ಎಂದರೆ ಎಬ್ಬಿಸಿ, ಇಲ್ಲ ಕಾಯಿರಿ. ನಿದ್ದೆಯಿಂದ ಎದ್ದ ಆರೋಗ್ಯವಂತ ಮರಿ ಎರಡೇ ನಿಮಿಷಕ್ಕೆ ನಿಮ್ಮ ಚಪ್ಪಲಿಗೆ ಬರುತ್ತದೆ.

ಇಲ್ಲಿ ಒಂದು ಕಠಿಣ ಮಾತು ಹೇಳಬೇಕು. ಕಾಯಿಲೆ ಮರಿಯನ್ನು ಕಂಡು ‘ಪಾಪ, ನಾವಾದರೂ ಉಳಿಸೋಣ’ ಎಂದು ಕೊಳ್ಳುವವರು ಬಹಳ ಜನ. ಆ ಮರಿಗೆ ಕೊಟ್ಟ ದುಡ್ಡಿನಲ್ಲಿ ಅದೇ ಮನುಷ್ಯ ಮುಂದಿನ ಬುಟ್ಟಿ ತರಿಸುತ್ತಾನೆ. ಉಳಿಸುವ ಮನಸ್ಸಿದ್ದರೆ ಜಾಗದ ವಿಳಾಸ, ಫೋಟೋ ಸಮೇತ ದೂರು ಕೊಡಿ, ದುಡ್ಡು ಕೊಡಬೇಡಿ.

ಆರನೇ ಹಂತ: ಕಾಗದಪತ್ರ

ಮೂರು ಬಗೆಯ ಕಾಗದಗಳನ್ನು ಜನ ಒಂದಕ್ಕೊಂದು ಕಲಸುತ್ತಾರೆ, ಮಾರುವವನೂ ಬೇಕೆಂದೇ ಕಲಸುತ್ತಾನೆ. ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯ ನೋಂದಣಿ ಎಂದರೆ ಮರಿ ಹಾಕಿಸಿ ಮಾರುವುದಕ್ಕೆ ಅನುಮತಿ. ಅದು ಇಲ್ಲದಿದ್ದರೆ ವ್ಯಾಪಾರವೇ ಅಕ್ರಮ. ‘ನಂದು ಕೆಸಿಐ ಇದೆ’ ಎನ್ನುವುದು ಆ ಪ್ರಶ್ನೆಗೆ ಉತ್ತರವಲ್ಲ. ಕೆಸಿಐ ಎಂದರೆ ಕೆನಲ್ ಕ್ಲಬ್ ಆಫ್ ಇಂಡಿಯಾ, ಚೆನ್ನೈಯಲ್ಲಿ ಕಚೇರಿ ಇರುವ ಸಂಸ್ಥೆ. ಅದರ ಸರ್ಟಿಫಿಕೇಟ್ ಹೇಳುವುದು ವಂಶಾವಳಿಯನ್ನು ಮಾತ್ರ: ತಂದೆ, ತಾಯಿ, ಹಿಂದಿನ ತಲೆಮಾರು, ಚಿಪ್ ಸಂಖ್ಯೆ. ಮರಿ ಆರೋಗ್ಯವಾಗಿದೆ ಎಂದಾಗಲಿ, ಮಾರುವವನು ಸಜ್ಜನ ಎಂದಾಗಲಿ ಅದು ಹೇಳುವುದಿಲ್ಲ.

ಪೇಟೆಯಲ್ಲಿ ‘ವಿತ್ ಪೇಪರ್’ ಮರಿಗೆ ಒಂದು ಬೆಲೆ, ‘ವಿತೌಟ್ ಪೇಪರ್’ ಮರಿಗೆ ಇನ್ನೊಂದು. ಒಂದೇ ತಾಯಿಯ ಒಂದೇ ಸೂಲಿನ ಮರಿಗಳಿಗೆ ಎರಡು ಬೆಲೆ ಹೇಳಿದರೆ ಕಾಗದವನ್ನೇ ಮಾರುತ್ತಿದ್ದಾನೆ ಎಂದಾಯಿತು. ‘ಪೇಪರ್ ಆರು ತಿಂಗಳ ಮೇಲೆ ಕೊರಿಯರ್ ಮಾಡ್ತೀನಿ’ ಎಂಬ ಭರವಸೆ ಬಹುಪಾಲು ಭರವಸೆಯಾಗಿಯೇ ಉಳಿಯುತ್ತದೆ. ಮರಿಯ ಸರ್ಟಿಫಿಕೇಟ್ ಬರುವುದು ತಡವಾಗಬಹುದು, ಒಪ್ಪೋಣ. ತಂದೆ ತಾಯಿಯ ಸರ್ಟಿಫಿಕೇಟ್ ಮಾತ್ರ ಈಗಲೇ ಅವನ ಕೈಯಲ್ಲಿರಬೇಕು. ಅದರಲ್ಲಿರುವ ಚಿಪ್ ಸಂಖ್ಯೆ, ಬಣ್ಣ, ಹುಟ್ಟಿದ ತಾರೀಖು ಎದುರಿಗಿರುವ ತಾಯಿಗೆ ಹೊಂದುತ್ತದೆಯೇ ನೋಡಿ. ಚಿಪ್ ಸಂಖ್ಯೆ 15 ಅಂಕಿಯದ್ದು. ಭುಜಗಳ ನಡುವೆ ಚರ್ಮದ ಕೆಳಗಿರುತ್ತದೆ, ಸ್ಕ್ಯಾನರ್ ಇರುವ ವೈದ್ಯರು ಒಂದು ನಿಮಿಷದಲ್ಲಿ ಓದುತ್ತಾರೆ.

ಮೂರನೆಯದು ಲಸಿಕೆ ಕಾರ್ಡ್. ನಕಲಿ ಹೆಚ್ಚು ನಡೆಯುವುದು ಇಲ್ಲೇ, ಏಕೆಂದರೆ ಖಾಲಿ ಕಾರ್ಡ್ ಎಲ್ಲ ಕಡೆ ಸಿಗುತ್ತದೆ. ಸರಿಯಾದ ಕಾರ್ಡಿನಲ್ಲಿ ಲಸಿಕೆ ಸೀಸೆಯ ಸ್ಟಿಕ್ಕರ್, ಬ್ಯಾಚ್ ನಂಬರ್, ಕೊಟ್ಟ ತಾರೀಖು, ವೈದ್ಯರ ಸಹಿ, ಮೊಹರು, ನೋಂದಣಿ ಸಂಖ್ಯೆ ಇರುತ್ತವೆ. ಬರೀ ಸ್ಟಿಕ್ಕರ್ ಅಂಟಿಸಿ ಸಹಿಯ ಜಾಗ ಖಾಲಿ ಬಿಟ್ಟಿದ್ದರೆ ಸೂಜಿ ಹಾಕಿದ್ದು ಮಾರುವವನೇ ಇರಬಹುದು, ಹಾಕಿಯೇ ಇಲ್ಲದಿರಬಹುದು. ಈ ಲಸಿಕೆಗಳನ್ನು 2ರಿಂದ 8 ಡಿಗ್ರಿ ತಂಪಿನಲ್ಲಿಡಬೇಕು. ಬ್ಯಾಗಿನಲ್ಲಿ ಲೋಕಲ್ ಟ್ರೈನ್ ಸುತ್ತಿ ಬಂದ ಸೀಸೆಯಿಂದ ಪ್ರಯೋಜನ ನಿರೀಕ್ಷಿಸುವಂತಿಲ್ಲ.

ಆಮೇಲೆ ಲೆಕ್ಕ ಹಾಕಿ. ಪಾರ್ವೊ (ಕರುಳಿಗೆ ಬರುವ ವೈರಸ್ ಸೋಂಕು), ಡಿಸ್ಟೆಂಪರ್‌ಗಳ ಮೊದಲ ಲಸಿಕೆ 6ರಿಂದ 8 ವಾರದ ನಡುವೆ. ನಂತರ ಮೂರು ನಾಲ್ಕು ವಾರಕ್ಕೊಮ್ಮೆ ಬೂಸ್ಟರ್, 16 ವಾರ ಆಗುವವರೆಗೆ. ರೇಬೀಸ್ ಲಸಿಕೆ ಸಾಮಾನ್ಯವಾಗಿ ಮೂರು ತಿಂಗಳಿಗೆ. ತಾಯಿಯ ಗಿಣ್ಣುಹಾಲಿನಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿ ಇರುವಷ್ಟು ದಿನ ಲಸಿಕೆ ಪೂರ್ತಿ ಹಿಡಿಯುವುದಿಲ್ಲ, ಅದಕ್ಕೇ ಇಷ್ಟು ಸಲ ಕೊಡುವುದು. ಹೀಗಿರುವಾಗ ‘45 ದಿನ, ರೇಬೀಸ್ ಸಮೇತ ಎಲ್ಲ ಲಸಿಕೆ ಆಗಿದೆ’ ಎಂಬ ಮಾತಿನಲ್ಲಿ ಒಂದು ಸುಳ್ಳಂತೂ ಇದ್ದೇ ಇದೆ, ವಯಸ್ಸಿನದೋ ಲಸಿಕೆಯದೋ. ಕಾರ್ಡಿನ ಮೇಲಿರುವ ಕ್ಲಿನಿಕ್‌ಗೆ ನೀವೇ ಫೋನ್ ಮಾಡಿ. ನಂಬರನ್ನು ಕಾರ್ಡಿನಿಂದ ತೆಗೆದುಕೊಳ್ಳಬೇಡಿ, ನಕ್ಷೆಯಲ್ಲಿ ಹುಡುಕಿ.

ಏಳನೇ ಹಂತ: ದುಡ್ಡು

ಮರಿ ನೋಡುವ ಮೊದಲು ಒಂದು ರೂಪಾಯಿಯೂ ಬೇಡ. ಪೇಟೆಯ ಬೆಲೆಗಿಂತ ತೀರಾ ಅಗ್ಗವಾಗಿದ್ದರೆ ಮರಿಯೇ ಇಲ್ಲದಿರಬಹುದು. ಈ ಕಥೆಯ ನಡೆ ಎಲ್ಲ ಊರಲ್ಲೂ ಒಂದೇ. ಸೈನ್ಯದಲ್ಲಿದ್ದೇನೆ, ವರ್ಗವಾಗಿದೆ, ಮರಿಯನ್ನು ಪುಕ್ಕಟೆ ಕೊಡುತ್ತೇನೆ, ಸಾಗಣೆ ಖರ್ಚು ಮಾತ್ರ ಕಳಿಸಿ. ಮಾರನೇ ದಿನ ಏರ್‌ಪೋರ್ಟ್‌ನಲ್ಲಿ ದೊಡ್ಡ ಪೆಟ್ಟಿಗೆ ಬೇಕಂತೆ, ಅದಕ್ಕಿಷ್ಟು. ಆಮೇಲೆ ಇನ್ಶೂರೆನ್ಸ್, ವಾಪಸ್ ಬರುವ ದುಡ್ಡು ಎನ್ನುತ್ತಾರೆ. ದತ್ತು ಕೊಡುವ ಹೆಸರಿನಲ್ಲೂ ಇದೇ ನಡೆಯುತ್ತದೆ. ನಿಜವಾಗಿ ದತ್ತು ಕೊಡಿಸುವವರು ಮನೆ ನೋಡಲು ಬರುತ್ತಾರೆ, ಫಾರಂ ತುಂಬಿಸುತ್ತಾರೆ, ಸಂತಾನಶಕ್ತಿ ಹರಣ ಚಿಕಿತ್ಸೆಗೆ ಒಪ್ಪಿಗೆ ಕೇಳುತ್ತಾರೆ. ಹೀಗೆ ಸಿಗುವ ಊರ ನಾಯಿಮರಿಗಳನ್ನು ಹಿತ್ತಲ ಗಿಡ ಮದ್ದಲ್ಲ ಎಂದು ಬಿಡುವವರಿಗೆ ಒಂದು ಮಾತು: ಮುಂಬೈಯ ಸೆಕೆಗೆ, ಮಳೆಗೆ ಅವುಗಳಷ್ಟು ಒಗ್ಗಿದ ನಾಯಿ ಬೇರೆ ಇಲ್ಲ.

ದುಡ್ಡು ಕೊಡುವಾಗ ಯುಪಿಐಯಲ್ಲೇ ಕೊಡಿ, ಪರದೆಯ ಮೇಲೆ ಬರುವ ಹೆಸರು ನೋಂದಣಿ ಪತ್ರದ ಹೆಸರೇ ಇರಲಿ. ‘ನನ್ನ ಮಾಮನ ಅಕೌಂಟ್’ ಬೇಡ. ದುಡ್ಡು ವಾಪಸ್ ಹಾಕುತ್ತೇನೆ, ಪಿನ್ ಒತ್ತಿ ಎಂದರೆ ಒತ್ತಬೇಡಿ. ದುಡ್ಡು ಬರುವುದಕ್ಕೆ ಪಿನ್ ಬೇಕಾಗಿಯೇ ಇಲ್ಲ.

ರಸೀದಿಯ ಜೊತೆ ಒಂದು ಹಾಳೆಯಲ್ಲಿ ಒಪ್ಪಂದ ಬರೆಸಿಕೊಳ್ಳಿ: ತಳಿ, ಹುಟ್ಟಿದ ತಾರೀಖು, ಚಿಪ್ ಸಂಖ್ಯೆ, ಬೆಲೆ, ಕೊಟ್ಟ ದಿನ, ಇಬ್ಬರ ಸಹಿ. ಮೂರು ದಿನದೊಳಗೆ ನಿಮ್ಮ ವೈದ್ಯರು ತಪಾಸಣೆ ಮಾಡಿ ಕಾಯಿಲೆ ಕಂಡರೆ ಮರಿ ವಾಪಸ್, ದುಡ್ಡು ವಾಪಸ್. ಎರಡು ವಾರದೊಳಗೆ ಪಾರ್ವೊ ಅಥವಾ ಡಿಸ್ಟೆಂಪರ್ ಖಚಿತವಾದರೆ ಹೊಣೆ ಯಾರದು ಎಂಬುದೂ ಇರಲಿ. ‘ನಂಬಿಕೆ ಮೇಲೆ ವ್ಯವಹಾರ’ ಎಂದು ಸಹಿ ತಪ್ಪಿಸುವವನ ಮೇಲೆ ನಂಬಿಕೆ ಇಡಲು ಕಾರಣ ಉಳಿಯುವುದಿಲ್ಲ.

ಎಂಟನೇ ಹಂತ: ಮನೆಗೆ ಬಂದ ಮೊದಲ ವಾರ

ಮರಿ ಬಂದ ದಿನವೇ, ತಪ್ಪಿದರೆ ಮಾರನೇ ದಿನ, ಮಾರಿದವನು ಹೇಳದ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಪರೇಲ್‌ನಲ್ಲಿ ಬಾಯಿ ಸಕರ್‌ಬಾಯಿ ದಿನ್‌ಶಾ ಪೆಟಿಟ್ ಪ್ರಾಣಿ ಆಸ್ಪತ್ರೆ ಇದೆ, 1886ರಿಂದ ನಡೆಯುತ್ತಿರುವ ಪಶುವೈದ್ಯಕೀಯ ಕಾಲೇಜೂ ಪರೇಲ್‌ನಲ್ಲೇ ಇದೆ. ದೂರ ಎನಿಸಿದರೆ ಹತ್ತಿರದ ಯಾವುದಾದರೂ ಕ್ಲಿನಿಕ್ ಸಾಕು. ಚಿಪ್ ಓದಿಸಿ, ಮಲಪರೀಕ್ಷೆ ಮಾಡಿಸಿ, ಅಂದಾಜು ವಯಸ್ಸನ್ನು ಚೀಟಿಯ ಮೇಲೆ ಬರೆಸಿ. ಆ ಚೀಟಿಯೇ ಮುಂದೆ ಸಾಕ್ಷಿ.

ಸೋಂಕು ತಗುಲಿ ಸಾಮಾನ್ಯವಾಗಿ 3ರಿಂದ 7 ದಿನಕ್ಕೆ ಪಾರ್ವೊ ಲಕ್ಷಣ ಕಾಣಿಸುತ್ತದೆ: ಊಟ ಬಿಡುವುದು, ವಾಂತಿ, ರಕ್ತ ಬೆರೆತ ನಾರುವ ಭೇದಿ. ಮನೆಗೆ ಬಂದ ಮಾರನೇ ದಿನವೇ ಶುರುವಾದರೆ ಸೋಂಕು ಅಲ್ಲಿಂದಲೇ ಬಂದದ್ದು. ‘ನೀವು ಊಟ ಬದಲಾಯಿಸಿದಿರಿ’ ಎಂಬ ಉತ್ತರ ಬಂದೇ ಬರುತ್ತದೆ, ಅದಕ್ಕಾಗಿ ಮೊದಲ ವಾರ ಅವನು ಕೊಡುತ್ತಿದ್ದ ಊಟವನ್ನೇ ಕೊಡಿ. ವಾಂತಿ ಭೇದಿ ಒಟ್ಟಿಗೆ ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ. ಎಳೆ ಮರಿ ನೀರು ಕಳೆದುಕೊಂಡರೆ ಗಂಟೆಗಳ ಲೆಕ್ಕದಲ್ಲಿ ಕುಸಿಯುತ್ತದೆ. ಮಲದ ಮಾದರಿಯಿಂದ ಕಿಟ್‌ನಲ್ಲಿ ಪರೀಕ್ಷೆ ಮಾಡಿ ಅಲ್ಲೇ ಫಲಿತಾಂಶ ಹೇಳುತ್ತಾರೆ. ವರದಿ ಕೇಳಿ ಪಡೆದುಕೊಳ್ಳಿ.

ರೇಬೀಸ್ ಲಸಿಕೆ ಆದ ಮೇಲೆ ಮಹಾನಗರ ಪಾಲಿಕೆಯ ನಾಯಿ ಲೈಸನ್ಸ್ ಮಾಡಿಸಿಕೊಳ್ಳುವುದನ್ನು ಮರೆಯಬೇಡಿ.

ಮೋಸವಾಗಿದ್ದರೆ

ಆನ್‌ಲೈನ್‌ನಲ್ಲಿ ದುಡ್ಡು ಹೋಗಿದ್ದರೆ ತಕ್ಷಣ 1930ಕ್ಕೆ ಫೋನ್ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ. ದುಡ್ಡು ಮುಂದಿನ ಖಾತೆಗೆ ಜಾರುವ ಮೊದಲು ತಡೆಹಿಡಿಯುವ ಅವಕಾಶ ಇರುವುದು ಮೊದಲ ಕೆಲವು ಗಂಟೆಗಳಲ್ಲಿ. ನಾಚಿಕೆಯಿಂದ ಎರಡು ದಿನ ಸುಮ್ಮನಿದ್ದರೆ ಅದೂ ಹೋಯಿತು. ಕಾಯಿಲೆ ಮರಿ ಕೊಟ್ಟು ಫೋನ್ ಎತ್ತದವರ ಮೇಲೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ಮೊದಲು 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿ ನೋಡಿ, ಎಷ್ಟೋ ಸಲ ನೋಟಿಸ್ ಹೋಗುವ ಸೂಚನೆ ಸಿಕ್ಕಿದರೇ ಮಾರಿದವನ ಫೋನ್ ಆನ್ ಆಗುತ್ತದೆ. ನೋಂದಣಿ ಇಲ್ಲದೆ ಮಾರುವವರ ಬಗ್ಗೆ, ಪ್ರಾಣಿಗಳನ್ನು ಹಿಂಸೆಯಲ್ಲಿ ಇಟ್ಟವರ ಬಗ್ಗೆ ಪೊಲೀಸ್ ಠಾಣೆಗೂ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಗೂ ಲಿಖಿತ ದೂರು ಕೊಡಿ. ಜಾಹೀರಾತಿನ ಸ್ಕ್ರೀನ್‌ಶಾಟ್, ಚಾಟ್, ಯುಪಿಐ ರಸೀದಿ, ಲಸಿಕೆ ಕಾರ್ಡಿನ ಫೋಟೋ, ವೈದ್ಯರ ಚೀಟಿ, ಪರೀಕ್ಷಾ ವರದಿ ಎಲ್ಲವನ್ನೂ ತಾರೀಖಿನ ಕ್ರಮದಲ್ಲಿ ಜೋಡಿಸಿ. ಜಗಳವಾಡಿದ ಮೇಲೆ ಅವರು ನಿಮ್ಮನ್ನು ಬ್ಲಾಕ್ ಮಾಡಿ ಖಾತೆಯ ಹೆಸರು ಬದಲಿಸುತ್ತಾರೆ, ಆದ್ದರಿಂದ ಸ್ಕ್ರೀನ್‌ಶಾಟ್ ಮೊದಲು, ಜಗಳ ಆಮೇಲೆ.

ಪಾರ್ವೊದಿಂದ ಮರಿ ತೀರಿಕೊಂಡಿದ್ದರೆ ಮಕ್ಕಳ ಅಳು ನೋಡಲಾರದೆ ಮರುವಾರವೇ ಇನ್ನೊಂದು ತರಬೇಡಿ. ಆ ವೈರಸ್ ನೆಲ, ಬಟ್ಟಲು, ಹಾಸಿಗೆಗಳಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಸಾಮಾನ್ಯ ಫಿನಾಯಿಲ್‌ಗೆ ಜಗ್ಗುವುದಿಲ್ಲ. ಹಾಸಿಗೆ, ಆಟಿಕೆ ಎಸೆದುಬಿಡಿ. ನೆಲವನ್ನು ಸೋಪಿನಿಂದ ತೊಳೆದ ಮೇಲೆ ಒಂದು ಪಾಲು ಬ್ಲೀಚ್‌ಗೆ 30 ಪಾಲು ನೀರು ಬೆರೆಸಿ ಒರೆಸಿ, ಹತ್ತು ನಿಮಿಷ ಹಸಿಯಾಗಿಯೇ ಬಿಡಿ. ಕಿಟಕಿ ತೆರೆದಿರಲಿ, ಬ್ಲೀಚ್ ಜೊತೆ ಆ್ಯಸಿಡ್ ಅಥವಾ ಬೇರೆ ಕ್ಲೀನರ್ ಬೆರೆಸಬೇಡಿ. ಮುಂದಿನ ಮರಿ ಲಸಿಕೆಗಳನ್ನು ಪೂರ್ತಿ ಮುಗಿಸಿಕೊಂಡ ನಾಲ್ಕು ತಿಂಗಳು ದಾಟಿದ್ದೇ ಇರಲಿ.